ಕಟ್ಟಿದವರ ತಲೆಯಲ್ಲೇ ಉಳಿಯುವ ವಿಮಾನ

ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ (ಎಫ್‌ಎಎ) ಮುಖ್ಯಸ್ಥರಿಗೆ,



ನನ್ನ ಹತ್ತಿರ ಎರಡು ಸೀಟಿನ ಒಂದು ಪುಟ್ಟ ವಿಮಾನವಿದೆ. ಒರೆಗಾನಿನ ವ್ಯಾನ್ಸ್ ಕಂಪನಿಯಿಂದ ಕಿಟ್ ತರಿಸಿಕೊಂಡು, ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕೂತು ಜೋಡಿಸಿದ್ದು. ವಯಸ್ಸಾಯಿತೆಂದು ಅವರು ಮಾರಿದರು, ನಾನು ಕೊಂಡೆ. ನನಗೆ ಹಾರಿಸಲು ಬರುತ್ತದೆ, ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ. ಹೊಟ್ಟೆಪಾಡು ಸಾಫ್ಟ್‌ವೇರಿನದು, ಗೋಡೆಗೆ ನೆಟ್ಟಗೆ ಒಂದು ಮೊಳೆ ಹೊಡೆದವನಲ್ಲ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಬರುತ್ತದೆ. ಕನ್ನಡದಲ್ಲೂ ಬರೆಯುತ್ತಿರುವುದು, ಹಳೇ ಹೋಮ್‌ಬಿಲ್ಟ್ (ಹೀಗೆ ಮನೆಯಲ್ಲೇ ಕಟ್ಟಿದ ವಿಮಾನ) ಅಗ್ಗಕ್ಕೆ ಸಿಕ್ಕೀತೇ ಎಂದು ಜಾಹೀರಾತು ತಿರುವುತ್ತಿರುವ ನನ್ನಂಥ ಕನ್ನಡಿಗರು ಈ ದೇಶದಲ್ಲಿ ಇನ್ನೂ ಇರಬಹುದು ಎಂದು.

ನಿಮ್ಮ ಕಾಯಿದೆ ಈ ವಿಮಾನಗಳನ್ನು ‘ಎಕ್ಸ್‌ಪೆರಿಮೆಂಟಲ್’ ಎಂದು ಕರೆಯುತ್ತದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳು ಕಲಿಕೆಗೋ ಖುಷಿಗೋ ತಾವೇ ಮಾಡಿರಬೇಕು. ಹಾಗೆ ಕಟ್ಟಿದವರಿಗೆ ನೀವು ರಿಪೇರ್‌ಮನ್ ಪ್ರಮಾಣಪತ್ರ ಕೊಡುತ್ತೀರಿ. ವರ್ಷಕ್ಕೊಮ್ಮೆ ತಪಾಸಣೆ ಮಾಡಿ ಅವರೇ ಸಹಿ ಹಾಕಬಹುದು. ನ್ಯಾಯವಾದ ಮಾತು. ಪ್ರತಿ ರಿವೆಟ್ಟನ್ನೂ ತಾನೇ ಬಡಿದವರಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರು? ಆದರೆ ವಿಮಾನ ಮಾರಿದಾಗ ಆ ಪ್ರಮಾಣಪತ್ರ ಕೊಂಡವನ ಕೈಗೆ ಬರುವುದಿಲ್ಲ, ಅದರ ಹಿಂದಿದ್ದ ತಿಳಿವಳಿಕೆಯೂ ಬರುವುದಿಲ್ಲ.

ಇಲ್ಲೊಂದು ವಿಚಿತ್ರ ನೋಡಿ. ಕಾರ್ಖಾನೆಯ ವಿಮಾನಗಳ ದುರಸ್ತಿಗಿರುವ ಕಟ್ಟುಪಾಡು ನನ್ನ ವಿಮಾನಕ್ಕಿಲ್ಲ. ಏನೂ ಬಾರದ ನಾನು ನಾಳೆ ಬೆಳಿಗ್ಗೆ ಕಾರ್ಬ್ಯುರೇಟರ್ ಬಿಚ್ಚಿದರೂ ಕಾನೂನು ತಡೆಯುವುದಿಲ್ಲ. (ಬಿಚ್ಚುವುದಿಲ್ಲ, ಗಾಬರಿಯಾಗಬೇಡಿ.) ವರ್ಷದ ತಪಾಸಣೆಗೆ ಲೈಸೆನ್ಸ್ ಇರುವ ಮೆಕ್ಯಾನಿಕ್ಕನ್ನು ಕರೆಯುತ್ತೇನೆ. ಹೋಮ್‌ಬಿಲ್ಟ್ ಎಂದ ಕೂಡಲೇ ಕೈಮುಗಿದು ಕಳಿಸುವವರೂ ಇದ್ದಾರೆ. ಒಪ್ಪಿಕೊಂಡವರಿಗೂ ಇದು ಹೊಸ ಪ್ರಾಣಿಯೇ. ಕಾರ್ಖಾನೆಯಲ್ಲಿ ತಯಾರಾದ ಸೆಸ್ನಾಗಾದರೆ ಕಂಪನಿಯ ಕೈಪಿಡಿಯಿದೆ, ಒಂದು ಬಲ್ಲವರಿಗೆ ಹತ್ತೂ ಗೊತ್ತು. ಒಂದೇ ಕಿಟ್ಟಿನಿಂದ ಎದ್ದ ಎರಡು ಹೋಮ್‌ಬಿಲ್ಟ್‌ಗಳ ಒಳಗು ಮಾತ್ರ ಒಂದೇ ಆಗಿರಬೇಕಿಲ್ಲ. ಹಳೇ ಮನೆ ಕೊಂಡು, ಗೋಡೆಯೊಳಗೆ ವೈರು ಎಲ್ಲೆಲ್ಲಿ ಓಡಿದೆ ಎಂದು ತಿಳಿಯದೆ ಡ್ರಿಲ್ ಹಿಡಿದು ನಿಂತವನ ಪಾಡು ನನ್ನದೂ ಆ ಮೆಕ್ಯಾನಿಕ್ಕಿನದೂ.

ಗಾಯಕ ಜಾನ್ ಡೆನ್ವರ್ ತೀರಿಕೊಂಡದ್ದು ಇಂಥದೇ ಒಂದು ವಿಮಾನದಲ್ಲಿ. 1997ರ ಅಕ್ಟೋಬರ್ 12, ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿ. ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಝಿ. ಬೇರೆ ಯಾರೋ ಕಟ್ಟಿದ್ದು, ಡೆನ್ವರ್ ಆಗಷ್ಟೇ ಕೊಂಡಿದ್ದು. ಅದರಲ್ಲಿ ಎಡಬಲಕ್ಕೆ ಎರಡು ಇಂಧನ ಟ್ಯಾಂಕು. ಒಂದು ಬರಿದಾದರೆ ಪೈಲಟ್ಟೇ ಕವಾಟ ತಿರುಗಿಸಿ ಇನ್ನೊಂದಕ್ಕೆ ಬದಲಾಯಿಸಬೇಕು. ನಕ್ಷೆಯ ಪ್ರಕಾರ ಆ ಕವಾಟದ ಹಿಡಿ ಪೈಲಟ್ಟಿನ ಕಾಲುಗಳ ನಡುವೆ ಇರಬೇಕಿತ್ತು. ಕಟ್ಟಿದವರು ಅದನ್ನು ಎಡ ಭುಜದ ಹಿಂದಿನ ಗೋಡೆಗೆ ಒಯ್ದಿದ್ದರು. ಹಿಡಿಯ ಮೇಲೆ ಗುರುತಿಲ್ಲ, ಇಂಧನದ ಮಟ್ಟ ತೋರಿಸುವ ಗಾಜಿನ ಮೇಲೂ ಗುರುತಿಲ್ಲ. ಹಿಡಿ ಕೈಗೆಟುಕುವುದು ಕಷ್ಟವೆಂದು ಡೆನ್ವರ್‌ಗೆ ಗೊತ್ತಿತ್ತು. ಹೊರಡುವ ಮುನ್ನ ಅಲ್ಲಿದ್ದ ತಂತ್ರಜ್ಞರ ಜೊತೆ ಅದನ್ನು ಮಾತಾಡಿದ್ದರು, ಇಕ್ಕಳ ಸಿಕ್ಕಿಸಿ ನೋಡಿದ್ದರು. ಹೆಚ್ಚಿನ ಇಂಧನ ಬೇಡವೆಂದು ಹೊರಟರು. ಆಕಾಶದಲ್ಲಿ ಟ್ಯಾಂಕ್ ಬದಲಾಯಿಸಲು ಮೈ ತಿರುಗಿಸುವಾಗ ಅರಿವಿಲ್ಲದೆ ಬಲಗಾಲು ರಡ್ಡರ್ ಪೆಡಲ್ ಒತ್ತಿತು, ವಿಮಾನ ಹತೋಟಿ ತಪ್ಪಿತು ಎಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಸಾಕಷ್ಟು ಇಂಧನವಿದೆಯೇ ಎಂದು ನೋಡಿಕೊಳ್ಳದ್ದು, ಹೊಸ ವಿಮಾನಕ್ಕೆ ಬೇಕಾದ ತರಬೇತಿ ಸಾಲದ್ದು, ಹಿಡಿಯನ್ನು ಅಲ್ಲಿಟ್ಟದ್ದು, ಎಲ್ಲವನ್ನೂ ಕಾರಣಗಳ ಪಟ್ಟಿಗೆ ಸೇರಿಸಿತು. ಡೆನ್ವರ್ ಹಾರಾಟಕ್ಕೆ ಹೊಸಬರಲ್ಲ, 2,700 ಗಂಟೆಗೂ ಹೆಚ್ಚು ಹಾರಿದ್ದವರು. ನಕ್ಷೆ ಬಿಟ್ಟು ಹಿಡಿಯ ಜಾಗ ಬದಲಾಯಿಸಲು ಕಟ್ಟಿದವರಿಗೆ ಪೂರ್ಣ ಸ್ವಾತಂತ್ರ್ಯವಿತ್ತು ಎಂಬುದನ್ನು ನೀವು ಮರೆಯಬಾರದು.

ಇದೇ ಲಾಂಗ್-ಈಝಿಯನ್ನು ಆಧರಿಸಿ ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ 1980ರ ದಶಕದಲ್ಲಿ ಸಂಶೋಧನೆಗೆಂದು ಒಂದು ಹಗುರ ವಿಮಾನ ಕಟ್ಟಿತ್ತು. ಅಲ್ಲಿ ಒಂದು ಸಂಸ್ಥೆಯೇ ಇತ್ತು, ಕಡತಗಳಿದ್ದವು. ಗ್ಯಾರೇಜಿನಲ್ಲಿ ಕಟ್ಟುವವರಿಗೆ ತಮ್ಮ ನೆನಪೇ ಕಡತ.

ಡೆನ್ವರ್ ಅಪಘಾತದ ಬಗ್ಗೆ ತೀರ್ಮಾನ ಕೊಟ್ಟ ಅದೇ ಸುರಕ್ಷತಾ ಮಂಡಳಿ 2012ರಲ್ಲಿ ಹೋಮ್‌ಬಿಲ್ಟ್‌ಗಳ ಬಗ್ಗೆ ದೊಡ್ಡ ಅಧ್ಯಯನ ಹೊರತಂದಿತು. 2011ರಲ್ಲಿ ತನಿಖೆಯಾದ 224 ಅಪಘಾತಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಕಟ್ಟಿದವರಲ್ಲದೆ ಬೇರೆಯವರು ಕೊಂಡ ವಿಮಾನಗಳವು. 14 ಅಪಘಾತಗಳು ಹೊಸ ಮಾಲೀಕರ ಮೊಟ್ಟಮೊದಲ ಹಾರಾಟದಲ್ಲೇ ಆದವು. ಕಟ್ಟಿದವರೇ ಮೊದಲ ಸಲ ಹಾರಿಸಿದಾಗ ಆದವು 10.

ನನ್ನ ವಿಮಾನದ ಫಲಕದಲ್ಲಿ ಹೆಸರಿಲ್ಲದ ಒಂದು ಸ್ವಿಚ್ಚಿದೆ. ಮೇಷ್ಟ್ರಿಗೆ ಫೋನ್ ಮಾಡಿದೆ. ಎರಡನೇ ಬ್ಯಾಟರಿಯದು, ಅದನ್ನು ಹೀಗೆ ಹೀಗೆ ಬಳಸಬೇಕು ಎಂದು ಅರ್ಧ ಗಂಟೆ ಪಾಠ ಮಾಡಿದರು. ಅವರಿಗೆ ಎಂಬತ್ತು ದಾಟಿದೆ. ಹೋಮ್‌ಬಿಲ್ಟ್‌ಗಳನ್ನು ಎಷ್ಟೋ ಸಲ ಮಾರುವವರು ಕಟ್ಟಿದವರ ಹೆಂಡತಿ ಮಕ್ಕಳು. ಆ ಕೊಂಡವರು ಯಾರಿಗೆ ಫೋನ್ ಮಾಡಬೇಕು?

‘ಎಕ್ಸ್‌ಪೆರಿಮೆಂಟಲ್ ಲೈಟ್-ಸ್ಪೋರ್ಟ್’ ಎಂಬ ಹಗುರ ವರ್ಗದ ವಿಮಾನದ ಮಾಲೀಕರಿಗೆ 16 ಗಂಟೆಯ ಒಂದು ಕೋರ್ಸಿದೆ. ಮುಗಿಸಿದವರು ತಮ್ಮ ವಿಮಾನವನ್ನು ತಾವೇ ತಪಾಸಣೆ ಮಾಡಬಹುದು. ಅಂಥದೇ ಹಕ್ಕು ನಮಗೂ ಬೇಕೆಂದು ಗೆಳೆಯರು ಕೇಳುತ್ತಿದ್ದರು, 2025ರ ಹೊಸ ನಿಯಮದಲ್ಲಿ ಅದು ಸಿಕ್ಕಿತು. ನನಗೆ ಆ ಸಹಿ ಬೇಡ. ನನ್ನ ಸಹಿಯನ್ನು ನಂಬಿ ನಾನೇ ಹತ್ತುವುದಿಲ್ಲ. ಆ ಪಾಠ ಮಾತ್ರ ಬೇಕು, ಎರಡನೇ ಮಾಲೀಕರೆಲ್ಲರಿಗೂ ಕಡ್ಡಾಯವಾಗಿ ಬೇಕು. ಕೈಗೆ ಕೆಲಸ ಬಾರದಿದ್ದರೂ ಕಣ್ಣಿಗೆ ಕಲಿಸಬಹುದು. ನಟ್ಟಿನ ಮೇಲೆ ಎಳೆದ ಬಣ್ಣದ ಗೆರೆ ಮುರಿದಿದ್ದರೆ ನಟ್ಟು ಅಲುಗಿದೆ ಎಂದರ್ಥ. ರಿವೆಟ್ಟಿನ ಸುತ್ತ ಕಪ್ಪು ಮಸಿ ಗಾಳಿಯ ದಿಕ್ಕಿಗೆ ಹರಡಿದ್ದರೆ ಆ ರಿವೆಟ್ಟು ಸಡಿಲ. ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಕೊಳವೆಯ ಕೂಡಿನಲ್ಲಿ ನೀಲಿ ಕಲೆ ಕಂಡರೆ ಅಲ್ಲಿ ಸೋರುತ್ತಿದೆ. ಆಯಿಲ್ ಬದಲಿಸುವಾಗ ಹಳೇ ಫಿಲ್ಟರನ್ನು ಕತ್ತರಿಸಿ, ಮಡಿಕೆಗಳಲ್ಲಿ ಲೋಹದ ಚೂರು ಮಿನುಗುತ್ತದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಇವನ್ನೆಲ್ಲ ಹೇಳಿಕೊಟ್ಟವರು ಒಬ್ಬ ಮುಂಗೋಪಿ ಮೆಕ್ಯಾನಿಕ್. ಈಗ ಅವರು ಬರುವ ಹೊತ್ತಿಗೆ ನನ್ನ ಪ್ರಶ್ನೆಗಳ ಪಟ್ಟಿ ತಯಾರಿರುತ್ತದೆ. ರಿಪೇರಿ ಅವರದು, ಅನುಮಾನ ಪಡುವ ಕೆಲಸ ನನ್ನದು.

ಇನ್ನೊಂದು ಕೋರಿಕೆ. ವಿಮಾನ ಕೈಬದಲಾದಾಗ ಕಾಗದಪತ್ರಗಳು ಒಕ್ಲಹೋಮ ಸಿಟಿಯ ನಿಮ್ಮ ನೋಂದಣಿ ಕಚೇರಿಗೆ ಹೋಗುತ್ತವೆ. ಜೊತೆಗೆ ಕಟ್ಟಿದವರು ಬರೆದ ಒಂದು ವಿವರಣೆಯನ್ನೂ ಕೇಳಿ: ನಕ್ಷೆಯನ್ನು ಎಲ್ಲಿ ಬಿಟ್ಟರು, ಯಾಕೆ ಬಿಟ್ಟರು, ಇಂಧನ ಯಾವ ದಾರಿಯಲ್ಲಿ ಹರಿಯುತ್ತದೆ, ಯಾವ ಸ್ವಿಚ್ಚು ಯಾವುದರದು, ಎಲ್ಲೆಲ್ಲಿ ಕಿಟ್ಟಿನದಲ್ಲದ ಭಾಗ ಹಾಕಿದರು. ಮಾರುವ ದಿನ ಕಾಯುವುದಕ್ಕಿಂತ ಮೊದಲ ಹಾರಾಟದ ಪರವಾನಗಿ ಕೊಡುವಾಗಲೇ ಬರೆಸಿಕೊಳ್ಳುವುದು ಇನ್ನೂ ಮೇಲು. ಆಗ ಅವರಿಗೆ ಎಲ್ಲ ನೆನಪಿರುತ್ತದೆ, ಹೇಳಿಕೊಳ್ಳುವ ಹುರುಪೂ ಇರುತ್ತದೆ.

ಬರೆದುಕೊಟ್ಟ ಹಾಳೆಯನ್ನೇ ಹಿಡಿದು ನಾಳೆ ಕೋರ್ಟಿಗೆ ಎಳೆದರೆ ಎಂದು ಕಟ್ಟಿದವರು ಹೆದರುತ್ತಾರೆ. ಮಾರಿದ ಮೇಲೂ ಮೊಕದ್ದಮೆಯ ಭಯದಲ್ಲೇ ಇರುವವರು ಅವರು, ಆ ಅಂಜಿಕೆ ಸುಳ್ಳಲ್ಲ. ಅದರಿಂದ ರಕ್ಷಣೆ ಕೊಡಲು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸೇ ಬೇಕಾದೀತು. ಅಲ್ಲಿಯವರೆಗೆ ಈ ವಿವರಣೆ ಐಚ್ಛಿಕವಾಗಿಯೇ ಇರಲಿ; ಖಾಲಿ ನಮೂನೆಯೊಂದನ್ನು ನಿಮ್ಮ ಕಚೇರಿ ಅಚ್ಚುಹಾಕಿಸಿದರೆ ಸಾಕು. ನಮ್ಮ ಮೇಷ್ಟ್ರು ತುಂಬಿಕೊಡಲು ಒಪ್ಪಿದ್ದಾರೆ. ಅವರ ವಯಸ್ಸನ್ನು ನೆನಪಿಟ್ಟುಕೊಂಡು ಬೇಗ ಕಳಿಸಿ.

ಇಂತಿ,
ಒಬ್ಬ ಎರಡನೇ ಮಾಲೀಕ