ಕೂಲಿ ಪಡೆದವರು ಯಾರು?

ಅಮೆರಿಕದ ಸ್ವಾತಂತ್ರ್ಯ ಸಮರದ ಬಗ್ಗೆ ಕನ್ನಡದಲ್ಲಿ ಬರೆಯುವಾಗ, ಬ್ರಿಟಿಷರ ಪರವಾಗಿ ಕಾದಿದ ಜರ್ಮನ್ನರನ್ನು ‘ಕೂಲಿ ಸೈನಿಕರು’ ಎಂದು ಕರೆದು ನಾವು ಮುಂದೆ ಹೋಗಿಬಿಡುತ್ತೇವೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯೇ ಅವರನ್ನು ಹಾಗೆ ಕರೆದಿದೆಯಲ್ಲ ಎನ್ನುವವರೂ ಇದ್ದಾರೆ. ಹದಿನೆಂಟನೆಯ ಶತಮಾನದ ಯುರೋಪಿನ ಸೈನ್ಯಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಪದದ ಬಗ್ಗೆಯೇ ತಕರಾರಿದೆ. ದುಡ್ಡಿಗಾಗಿ ಕೊಲ್ಲಲು ಹೊರಟವನು ಎಂಬ ಕಳಂಕವನ್ನು ಅದು ಸೈನಿಕನ ಹಣೆಗೆ ಹಚ್ಚುತ್ತದೆ. ಅವನನ್ನು ಬಾಡಿಗೆಗೆ ಕೊಟ್ಟು ಖಜಾನೆ ತುಂಬಿಕೊಂಡ ಅರಸುಮನೆಗೆ ಮಾತ್ರ ‘ಕಲಾಪೋಷಕ’ ಎಂಬ ಹೊಗಳಿಕೆ.

ಹೆಸ್ಸೆ-ಕಾಸೆಲ್ ಜರ್ಮನಿಯ ನಡುಭಾಗದ ಒಂದು ಸಣ್ಣ ಸಂಸ್ಥಾನ. ಅದರ ಅರಸರ ಬಿರುದು ಲ್ಯಾಂಡ್‌ಗ್ರಾಫ್. 1776ರ ಜನವರಿಯಲ್ಲಿ ಲ್ಯಾಂಡ್‌ಗ್ರಾಫ್ ಎರಡನೆಯ ಫ್ರೆಡರಿಕ್ ಬ್ರಿಟನ್ನಿನ ಜೊತೆ ಒಪ್ಪಂದ ಮಾಡಿಕೊಂಡ. ಅವನು ಕೊಡಬೇಕಾದದ್ದು ಸುಮಾರು 12,000 ಸೈನಿಕರನ್ನು. ಅವನಿಗೆ ಬರುವುದು ವರ್ಷಕ್ಕೆ 4,50,000 ಕ್ರೌನ್. ತಲೆಗಿಷ್ಟು ಎಂಬ ಲೆಕ್ಕದ ಹಣ ಬೇರೆ. ಯುದ್ಧ ಮುಗಿಯುವಷ್ಟರಲ್ಲಿ ಈ ಒಂದು ಸಂಸ್ಥಾನದಿಂದಲೇ ಸುಮಾರು 19,000 ಮಂದಿ ಹಡಗು ಹತ್ತಿದ್ದರು. ಆರು ಜರ್ಮನ್ ಸಂಸ್ಥಾನಗಳಿಂದ ಹೋದವರು ಒಟ್ಟು ಸುಮಾರು 30,000. ಊರಿಗೆ ಮರಳಿದವರು ಸುಮಾರು 17,000. ಉಳಿದವರಲ್ಲಿ ಹಲವರು ಗುಂಡಿಗಿಂತ ಹೆಚ್ಚಾಗಿ ರೋಗಕ್ಕೆ ಸತ್ತರು, ಕೆಲವರು ಅಲ್ಲೇ ನೆಲೆಸಿದರು. ನೆರೆಯ ಬ್ರನ್ಸ್‌ವಿಕ್‌ನ ಒಪ್ಪಂದದಲ್ಲಂತೂ ಮೂವರು ಗಾಯಾಳುಗಳನ್ನು ಒಬ್ಬ ಸತ್ತವನಿಗೆ ಸಮ ಎಂದು ಹಿಡಿದು ಪರಿಹಾರ ಕೊಡುವ ಷರತ್ತಿತ್ತು. ಆ ಪರಿಹಾರ ಸಲ್ಲುತ್ತಿದ್ದುದು ಡ್ಯೂಕನಿಗೆ, ಸತ್ತವನ ಹೆಂಡತಿಗಲ್ಲ.

ಹೀಗೆ ಹೋದವರು ಯಾರು? 1762ರಿಂದ ಹೆಸ್ಸೆಯ ಹಳ್ಳಿಗಳನ್ನು ಒಂದೊಂದು ರೆಜಿಮೆಂಟಿಗೆ ಹಂಚಲಾಗಿತ್ತು. ಆಸ್ತಿವಂತರಿಗೆ, ತೆರಿಗೆ ಕಟ್ಟುವ ಗಟ್ಟಿ ರೈತರಿಗೆ ವಿನಾಯಿತಿ. ಸಿಕ್ಕಿಬಿದ್ದವರು ಆಳುಮಕ್ಕಳು ಮತ್ತು ನೆಲವಿಲ್ಲದ ಕಿರಿಯ ಮಕ್ಕಳು. 1773ರಲ್ಲಿ ಇದೇ ಫ್ರೆಡರಿಕ್, ರೈತರ ಹಿಡುವಳಿಯನ್ನು ಮಕ್ಕಳಲ್ಲಿ ಪಾಲು ಮಾಡುವಂತಿಲ್ಲ ಎಂದು ಆಜ್ಞೆ ಹೊರಡಿಸಿದ. ಒಬ್ಬನಿಗೆ ಹೊಲ, ಉಳಿದವರಿಗೆ ಜೀತ ಅಥವಾ ಬಂದೂಕು. ಇಲ್ಲೊಂದು ವ್ಯಂಗ್ಯವನ್ನು ಗಮನಿಸಬೇಕು. ಹೆಸ್ಸೆ-ಕಾಸೆಲ್ ಮನೆತನ ಹುಟ್ಟಿದ್ದೇ ಪಾಲಿನಿಂದ. 1567ರಲ್ಲಿ ಒಂದನೆಯ ಫಿಲಿಪ್ ತೀರಿಕೊಂಡಾಗ ಅವನ ನಾಲ್ವರು ಮಕ್ಕಳು ಇಡೀ ಹೆಸ್ಸೆಯನ್ನೇ ಹಂಚಿಕೊಂಡಿದ್ದರು. ಅರಸನ ಮಕ್ಕಳಿಗೆ ನಾಡನ್ನೇ ಒಡೆಯಬಹುದು, ರೈತನ ಮಕ್ಕಳಿಗೆ ಹೊಲ ಒಡೆಯಬಾರದು!

ಇದಕ್ಕೆ ಇತಿಹಾಸಕಾರರು ಕೊಡುವ ಸಮಜಾಯಿಷಿ ನನಗೆ ಗೊತ್ತು. ಸೈನ್ಯವನ್ನು ಒದಗಿಸುವುದು ಅಂದಿನ ರೂಢಿ. ಸೈನಿಕರಿಗೆ ಬ್ರಿಟಿಷ್ ದರದಲ್ಲಿ ಸಂಬಳ ಸಿಕ್ಕಿತು. ಆ ಹಣದಿಂದ ಪ್ರಜೆಗಳ ತೆರಿಗೆ ಇಳಿಯಿತು. ಮೂರೂ ನಿಜ. ಆದರೆ ರೂಢಿ ಎಂದರೆ ಯಾರ ರೂಢಿ? ಆ ಕಾಲದಲ್ಲೇ ಇದನ್ನು ಖಂಡಿಸಿದವರಿದ್ದರು. ಶಿಲ್ಲರ್ 1784ರ ತನ್ನ ನಾಟಕದಲ್ಲಿ ಸೈನಿಕರನ್ನು ಅಮೆರಿಕಕ್ಕೆ ಮಾರುವ ಅರಸನನ್ನು ರಂಗದ ಮೇಲೆಯೇ ಜಾಡಿಸಿದ. ಸಂಬಳ ಸಿಕ್ಕಿತು ನಿಜ. ಒಲ್ಲೆ ಎನ್ನುವ ಹಕ್ಕು ಸಿಗಲಿಲ್ಲ. ತೆರಿಗೆ ಇಳಿಯಿತು ನಿಜ. ಇಳಿದದ್ದು ತೆರಿಗೆ ಕಟ್ಟುವಷ್ಟು ಇದ್ದವರಿಗೆ. ಏನೂ ಇಲ್ಲದವನು ತನ್ನ ಮೈಯನ್ನೇ ಕಟ್ಟಿದ.

ಯುದ್ಧ ನಡೆಯುತ್ತಿರುವಾಗಲೇ, 1779ರಲ್ಲಿ, ಫ್ರೆಡರಿಕ್ ಕಾಸೆಲ್‌ನಲ್ಲಿ ಫ್ರೆಡರಿಸಿಯಾನಮ್ ಮ್ಯೂಸಿಯಮ್ಮನ್ನು ಸಾರ್ವಜನಿಕರಿಗೆ ತೆರೆದ. ಡಾಕ್ಯುಮೆಂಟಾ ಕಲಾಪ್ರದರ್ಶನದ ಮುಖ್ಯ ನೆಲೆಯಾಗಿ ಅದು ಇಂದಿಗೂ ಪ್ರಸಿದ್ಧ. ಅದರ ಒಂದೊಂದು ಇಟ್ಟಿಗೆಯೂ ಸೈನಿಕರ ಹಣದ್ದೇ ಎಂದು ನಾನು ವಾದಿಸುತ್ತಿಲ್ಲ. ಖಜಾನೆ ಒಂದೇ ಆಗಿತ್ತು, ಅಷ್ಟೇ. ಮ್ಯೂಸಿಯಮ್ಮನ್ನು ಅರಸನ ಖಾತೆಗೂ ಯುದ್ಧವನ್ನು ಸೈನಿಕನ ಖಾತೆಗೂ ಬರೆಯುವುದು ಇತಿಹಾಸವಲ್ಲ, ಆಸ್ಥಾನದ ಲೆಕ್ಕಪತ್ರ.

ಕೂಲಿ ಎಂಬುದು ಕನ್ನಡದಲ್ಲಿ ದುಡಿದವನಿಗೆ ಸಲ್ಲುವ ಹಣ. ಆ ಪದಕ್ಕೊಂದು ಮರ್ಯಾದೆಯಿದೆ. ಹೆಸ್ಸೆಯ ಆಳುಮಗನನ್ನು ಇನ್ನಾದರೂ ‘ಬಾಡಿಗೆಗೆ ಕೊಡಲಾದ ಸೈನಿಕ’ ಎಂದು ಬರೆಯೋಣ. ಆಗ ಓದುವವರು, ಕೊಟ್ಟವರು ಯಾರು ಎಂದು ಕೇಳಿಯೇ ಕೇಳುತ್ತಾರೆ.