ಉಳಿತಾಯದ ಕತ್ತರಿ ಗುಮಾಸ್ತನ ಮೇಜಿಗೇ ಏಕೆ?

ಕನ್ನಡದ ತರುಣರೇ,

ಬೆಂಗಳೂರಿಗೆ ಈಗ ಪಾಲಿಕೆ ಒಂದಲ್ಲ, ಐದು. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಎಂಬ ಬೋರ್ಡು ಇಳಿಯಿತು. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಬೋರ್ಡು ಏರಿದವು. ಐವರು ಆಯುಕ್ತರು ಬಂದರು. ಅವರೆಲ್ಲರ ತಲೆಯ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೊಬ್ಬ ಮುಖ್ಯ ಆಯುಕ್ತರು, ಅಧ್ಯಕ್ಷರಾಗಿ ಸ್ವತಃ ಮುಖ್ಯಮಂತ್ರಿ. ಇಷ್ಟೆಲ್ಲ ಏರಿದ ಮೇಲೆ ಖರ್ಚು ಮಾತ್ರ ಇಳಿಯುತ್ತದೆಯೇ?

ಇಂಥ ಹೊತ್ತಿನಲ್ಲಿ ಬುದ್ಧಿವಂತರ ಬಾಯಿಂದ ಒಂದು ಉಪದೇಶ ಬಂದೇ ಬರುತ್ತದೆ. ಐದು ಕಡೆ ಐದು ಲೆಕ್ಕಪತ್ರ ಶಾಖೆ ಯಾಕೆ, ಮಂಡಳಿಗೊಂದು ಸಿಬ್ಬಂದಿ ಶಾಖೆ ಯಾಕೆ, ಪ್ರಾಧಿಕಾರಕ್ಕೊಂದು ಕಾನೂನು ಶಾಖೆ ಯಾಕೆ? ಆಡಳಿತ ಸಿಬ್ಬಂದಿಯನ್ನೆಲ್ಲ ಒಂದೆಡೆ ಸೇರಿಸಿ, ದುಡ್ಡು ಉಳಿಸಿ! ಕೇಳಲು ಚೆಂದವಾಗಿಯೇ ಇದೆ. ನಾವೇನೂ ದುಂದುವೆಚ್ಚದ ವಕೀಲರಲ್ಲ. ತೆರಿಗೆ ಕಟ್ಟುವುದು ನಮ್ಮ ಅಪ್ಪ ಅಮ್ಮಂದಿರೇ. ಆದರೆ ಸೇರಿಸುವುದು ಯಾರನ್ನು? ಉಳಿಯುವವರು ಯಾರು? ಸೇರಿಸಿದ ಕಚೇರಿ ಮಾತಾಡುವ ಭಾಷೆ ಯಾವುದು? ಇವನ್ನು ಕೇಳದೆ ಚಪ್ಪಾಳೆ ತಟ್ಟುವ ದಡ್ಡತನ ನಮಗೆ ಬೇಡ.

ಸೇರಿಸುವ ಆಟ ಈ ಊರಿಗೆ ಹೊಸದಲ್ಲ. 1862ರಿಂದ ಪೇಟೆಗೊಂದು, ದಂಡು ಪ್ರದೇಶಕ್ಕೊಂದು ಪುರಸಭೆ ಇದ್ದವು. 1949ರಲ್ಲಿ ಎರಡನ್ನೂ ಸೇರಿಸಿ ಒಂದು ಕಾರ್ಪೊರೇಷನ್ ಮಾಡಿದರು. 2007ರಲ್ಲಿ ಇನ್ನೂ ದೊಡ್ಡ ಆಟ. 100 ವಾರ್ಡುಗಳ ಮಹಾನಗರ ಪಾಲಿಕೆಗೆ ಯಲಹಂಕ, ದಾಸರಹಳ್ಳಿ, ಬೊಮ್ಮನಹಳ್ಳಿ, ಮಹದೇವಪುರ, ಕೃಷ್ಣರಾಜಪುರ, ಬ್ಯಾಟರಾಯನಪುರ, ರಾಜರಾಜೇಶ್ವರಿನಗರ, ಹೀಗೆ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ 110 ಹಳ್ಳಿಗಳನ್ನೂ ತಂದು ಕಟ್ಟಿದರು. ಒಂದೇ ಆಡಳಿತ, ಒಂದೇ ಲೆಕ್ಕ, ಎಲ್ಲರಿಗೂ ಒಂದೇ ಸವಲತ್ತು ಎಂದರು. ಆ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು ಯಾವಾಗ ಗೊತ್ತೇ? 2024ರ ಅಕ್ಟೋಬರಿನಲ್ಲಿ! ಕಚೇರಿ ಸೇರಿಸಲು ಒಂದು ಅಧಿಸೂಚನೆ ಸಾಕಾಯಿತು. ನೀರು ಸೇರಿಸಲು 17 ವರ್ಷ ಬೇಕಾಯಿತು. ಮರುವರ್ಷವೇ, ಒಂದೇ ಕಚೇರಿಗೆ ಊರು ದೊಡ್ಡದಾಯಿತೆಂದು ಐದು ಹೋಳು ಮಾಡಿದರು. ಚುನಾಯಿತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. ಹೋಳು ಮಾಡುವಾಗ ‘ಯಾಕ್ರೀ ಹೀಗೆ?’ ಎಂದು ಸಭೆಯಲ್ಲಿ ಎದ್ದು ಕೇಳಲು ಒಬ್ಬನೇ ಒಬ್ಬ ಕಾರ್ಪೊರೇಟರ್ ಇರಲಿಲ್ಲ.

ದೊಡ್ಡ ಮಾತು ಸಾಕು, ನಮ್ಮ ಸೋದರತ್ತೆಯ ಕಥೆ ಕೇಳಿ. ಕಚೇರಿಯ ಹೆಸರು ಬೇಡ. ಹಳೆಯ ನಗರಸಭೆಯ ಕಾಲದಲ್ಲಿ ಅತ್ತೆ ನಡೆದುಕೊಂಡೇ ಹೋಗಿ ಕಂದಾಯ ಕಟ್ಟಿ ಬರುತ್ತಿದ್ದರು. ಅಲ್ಲೊಬ್ಬ ಗುಮಾಸ್ತರು. ಅತ್ತೆಯ ಮುಖ ಕಂಡೊಡನೆ ಯಾವ ಕಪಾಟಿನ ಯಾವ ರಿಜಿಸ್ಟರು ಎಂದು ಕೈ ತಾನಾಗಿ ಹೋಗುತ್ತಿತ್ತು. ‘ಲಕ್ಷ್ಮಮ್ಮ, ಕೋಂ ಇಂಥವರು’ ಎಂದು ಅಚ್ಚಗನ್ನಡದಲ್ಲಿ ಬರೆದ ಸಾಲು. ಮುಗಿಯಿತು. ಕಚೇರಿ ವಿಲೀನವಾದ ಮೇಲೆ ರಿಜಿಸ್ಟರು ಒಂದು ಕಡೆ ಹೋಯಿತು, ಗುಮಾಸ್ತರು ಇನ್ನೊಂದು ಕಡೆ ಹೋದರು. ಅತ್ತೆ ಎರಡು ಬಸ್ಸು ಬದಲಿಸಿ ಹೋದರೆ, ಕಂಪ್ಯೂಟರಿನ ಮುಂದೆ ಕೂತ ಹುಡುಗ ಹೇಳಿದ್ದು, ‘ಸಿಸ್ಟಂನಲ್ಲಿ ನಿಮ್ಮ ಹೆಸರಿಲ್ಲ ಮೇಡಂ.’ ಹೆಸರು ಇತ್ತು! ಇಂಗ್ಲಿಷಿನಲ್ಲಿ ಬೇರೆ ಅಕ್ಷರ ಹಾಕಿ ಕೂಡಿಸಿದ್ದರು. ಒಂದು ದಾಖಲೆಯಲ್ಲಿ ಲಕ್ಷ್ಮಮ್ಮನಿಗೆ ಎಕ್ಸ್, ಇನ್ನೊಂದರಲ್ಲಿ ಕೆ-ಎಸ್-ಎಚ್. ಕನ್ನಡದಲ್ಲಿ ಒಬ್ಬಳೇ ಇದ್ದ ಹೆಂಗಸು ಇಂಗ್ಲಿಷಿನಲ್ಲಿ ಇಬ್ಬರಾದಳು. ಆ ಇಬ್ಬರೂ ಒಬ್ಬಳೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ ಕೊಡಬೇಕಾಯಿತು. ಅದರ ಖರ್ಚು ಯಾರ ತಲೆಗೆ? ಸರ್ಕಾರದ ಉಳಿತಾಯದ ಪಟ್ಟಿಯಲ್ಲಿ ಅತ್ತೆಯ ಬಸ್ ಚಾರ್ಜು, ನೋಟರಿಯ ಫೀಜು, ಹೋದ ದಿನಗೂಲಿ ಎಲ್ಲಾದರೂ ಬರೆದಿರುತ್ತಾರೆಯೇ?

ಆ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಅವನು ನಿಮ್ಮ ವಯಸ್ಸಿನವನೇ. ಹೊರಗುತ್ತಿಗೆಯವನು, ಮುಂದಿನ ವರ್ಷ ಆ ಕುರ್ಚಿ ಇರುತ್ತದೋ ಇಲ್ಲವೋ ಅವನಿಗೇ ಗೊತ್ತಿಲ್ಲ. ವಿಲೀನದ ಒಳಗುಟ್ಟು ಇರುವುದೇ ಇಲ್ಲಿ. ಹುದ್ದೆಗಳನ್ನು ಸೇರಿಸುತ್ತಾರೆ. ನಿವೃತ್ತರಾದವರ ಜಾಗ ‘ಹೆಚ್ಚುವರಿ’ ಎಂದು ಅಳಿಸುತ್ತಾರೆ. ಕೆಲಸವೇನೂ ಅಳಿಯುವುದಿಲ್ಲವಲ್ಲ, ಅದನ್ನು ಏಜೆನ್ಸಿಗೆ ಕೊಡುತ್ತಾರೆ. ಕಾಯಂ ಹುದ್ದೆಗಾಗಿದ್ದರೆ ಅರ್ಜಿ ಕರೆಯಬೇಕಿತ್ತು, ಕನ್ನಡ ಪರೀಕ್ಷೆ ನಡೆಸಬೇಕಿತ್ತು, ಹಾಸನದ ಹುಡುಗಿಯೋ ರಾಯಚೂರಿನ ಹುಡುಗನೋ ಓದಿ ಬರೆದು ಆ ಕುರ್ಚಿಗೆ ಬರುತ್ತಿದ್ದರು. ಏಜೆನ್ಸಿಗೆ ಆ ರಗಳೆ ಇಲ್ಲ. ಉಳಿದ ಸಂಬಳ ಏಜೆನ್ಸಿಯ ಕಮಿಷನ್ನಿಗೂ, ‘ಕನ್ಸಲ್ಟೆಂಟ್’ ಎಂಬ ಹೊಸ ಅತಿಥಿಯ ಬಿಲ್ಲಿಗೂ ಹೋದರೆ ಅದು ಯಾವ ಸೀಮೆಯ ಉಳಿತಾಯ ಸ್ವಾಮಿ?

ಹಾಗಾದರೆ ಯಾವುದನ್ನೂ ಸೇರಿಸಬಾರದೇ? ಸೇರಿಸಿ! ಧಾರಾಳವಾಗಿ ಸೇರಿಸಿ. ಆದರೆ ಮೇಲಿನಿಂದ ಶುರು ಮಾಡಿ. ಈ ಒಂದು ಊರಿಗೆ ನೀರು ಕೊಡಲು 1964ರಿಂದ ಜಲಮಂಡಳಿ, ಬಡಾವಣೆ ಮಾಡಲು 1976ರಿಂದ ಬಿಡಿಎ, ಬಸ್ಸಿಗೆ 1997ರಿಂದ ಬಿಎಂಟಿಸಿ, ಕರೆಂಟಿಗೆ 2002ರಿಂದ ಬೆಸ್ಕಾಂ, ರೈಲಿಗೆ ಮೆಟ್ರೊ ನಿಗಮ. ಒಬ್ಬರು ಡಾಂಬರು ಹಾಕಿದ ಮರುವಾರ ಇನ್ನೊಬ್ಬರು ಅಗೆಯುವುದನ್ನು ನೀವೇ ಕಂಡಿದ್ದೀರಿ. ಪ್ರತಿಯೊಂದಕ್ಕೂ ಪ್ರತ್ಯೇಕ ಖರೀದಿ, ಪ್ರತ್ಯೇಕ ಕಂಪ್ಯೂಟರ್ ವ್ಯವಸ್ಥೆ, ಪ್ರತ್ಯೇಕ ವಕೀಲರ ಪಟ್ಟಿ, ಪ್ರತ್ಯೇಕ ಪ್ರಚಾರ. ಸಂಸ್ಥೆಗಳನ್ನೇ ಕರಗಿಸಿ ಎಂದು ನಾವು ಹೇಳುತ್ತಿಲ್ಲ. ಬೆಸ್ಕಾಂ ಬೆಂಗಳೂರಿನ ಆಚೆಯ ಜಿಲ್ಲೆಗಳಿಗೂ ದುಡಿಯುತ್ತದೆ, ಮೆಟ್ರೊದಲ್ಲಿ ಅರ್ಧ ಪಾಲು ದೆಹಲಿಯದು. ಅವು ಒಂದು ರುಜುವಿಗೆ ಬಗ್ಗುವಂಥವಲ್ಲ. ಆದರೆ ಹಿಂದಿನ ಕೋಣೆಯ ಈ ಕೆಲಸಗಳನ್ನಾದರೂ ಹಂಚಿಕೊಂಡು ಮಾಡಬಹುದಲ್ಲ? 2005ರಲ್ಲಿ ‘ಬೆಂಗಳೂರು ಒನ್’ ಬಂದಾಗ ನೀರಿನ ಬಿಲ್ಲು, ಕರೆಂಟಿನ ಬಿಲ್ಲು, ಮನೆ ಕಂದಾಯ ಒಂದೇ ಕಿಟಕಿಯಲ್ಲಿ ಕಟ್ಟುವಂತಾಯಿತು. ಜನಕ್ಕೆ ನಿಜಕ್ಕೂ ಅನುಕೂಲವಾಯಿತು, ಒಪ್ಪುತ್ತೇವೆ. ಕಿಟಕಿಯನ್ನು ಒಂದು ಮಾಡಲು ಬಂದವರಿಗೆ ಕಿಟಕಿಯ ಹಿಂದಿನ ಸಾಹೇಬರ ಕೋಣೆಗಳನ್ನು ಒಂದು ಮಾಡಲು ಮಾತ್ರ ಬಾರದೇ?

ಇನ್ನು ಭಾಷೆಯ ವಿಷಯ. 2017ರಲ್ಲಿ ಮೆಟ್ರೊ ನಿಲ್ದಾಣಗಳಲ್ಲಿ ಹಿಂದಿ ಫಲಕ ಕಂಡಾಗ ಈ ಊರಿನ ಯುವಕರು ಸುಮ್ಮನಿರಲಿಲ್ಲ; ಫಲಕಗಳು ಹೋದವು. ಅದು ಕಣ್ಣಿಗೆ ಕಾಣುವ ಫಲಕವಾಗಿತ್ತು. ಕಚೇರಿಯ ಒಳಗೆ ಕೂತ ಇಂಗ್ಲಿಷ್ ಬೀದಿಗೆ ಕಾಣುವುದಿಲ್ಲ. ಟೆಂಡರ್ ಪತ್ರದಲ್ಲಿ, ಸಾಫ್ಟ್‌ವೇರಿನಲ್ಲಿ, ಸಭೆಯ ನಡಾವಳಿಯಲ್ಲಿ ಅದು ತಣ್ಣಗೆ ಮಲಗಿರುತ್ತದೆ. 1963ರ ರಾಜಭಾಷಾ ಕಾಯ್ದೆ ಆಯಿತು, ಸ್ಥಳೀಯ ಸಂಸ್ಥೆಗಳಿಗೆಂದೇ 1981ರಲ್ಲಿ ಇನ್ನೊಂದು ಕಾಯ್ದೆ ಆಯಿತು, ಈಗ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯೂ ಇದೆ. ಕಾನೂನಿಗೆ ಬರವಿಲ್ಲ. ಐದು ಕಚೇರಿಯ ಕೆಲಸ ಒಂದೇ ತಂತ್ರಾಂಶಕ್ಕೆ ಬಂದ ದಿನ ಆ ತಂತ್ರಾಂಶ ಕನ್ನಡದ್ದಲ್ಲವಾದರೆ, ಐದೂ ಕಚೇರಿಯಿಂದ ಕನ್ನಡ ಒಂದೇ ಏಟಿಗೆ ಹೊರಬೀಳುತ್ತದೆ. ಆಗ ಯಾವ ಬೋರ್ಡಿನ ಮುಂದೆ ನಿಂತು ಘೋಷಣೆ ಕೂಗುತ್ತೀರಿ?

ಒಂದು ಮಾತು ನಿಷ್ಠುರವಾಗಿ ಹೇಳುತ್ತೇವೆ, ಬೇಸರ ಬೇಡ. ನವೆಂಬರಿನಲ್ಲಿ ಬೈಕಿಗೆ ಬಾವುಟ ಕಟ್ಟುವ ನಮ್ಮಲ್ಲಿ ಎಷ್ಟು ಜನ ನಮ್ಮದೇ ವಾರ್ಡಿನ ಕಚೇರಿಯ ಒಳಗೆ ಕಾಲಿಟ್ಟಿದ್ದೇವೆ? ಖಾತೆ, ಕಂದಾಯ ಅಪ್ಪನ ಕೆಲಸ ಎಂದುಕೊಂಡು ಕೂತವರು ನಾವು.

ಈ ವಾರ ಒಂದು ಕೆಲಸ ಮಾಡಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತೇ ರೂಪಾಯಿ. 30 ದಿನದೊಳಗೆ ಉತ್ತರ ಕೊಡಬೇಕು. ನಿಮ್ಮ ಪಾಲಿಕೆಯಲ್ಲಿ ಮಂಜೂರಾದ ಗುಮಾಸ್ತರ ಹುದ್ದೆ ಎಷ್ಟು, ಖಾಲಿ ಎಷ್ಟು, ಹೊರಗುತ್ತಿಗೆಯವರು ಎಷ್ಟು, ಏಜೆನ್ಸಿಗೂ ಸಲಹೆಗಾರರಿಗೂ ವರ್ಷಕ್ಕೆ ಕೊಟ್ಟ ಹಣ ಎಷ್ಟು ಎಂದು ಕೇಳಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ, 150 ಪದ ಮೀರದಿರಲಿ. ಇಲ್ಲವಾದರೆ ಅದೇ ನೆಪದಲ್ಲಿ ಹಿಂದಿರುಗಿಸುತ್ತಾರೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಉತ್ತರ ಇಂಗ್ಲಿಷಿನಲ್ಲಿ ಬಂದರೆ ಹರಿದು ಬಿಸಾಡಬೇಡಿ, ನಮಗೆ ಕಳಿಸಿ. ಲಕೋಟೆಯ ಸಮೇತ ಅಚ್ಚು ಹಾಕುತ್ತೇವೆ.