ಮಡಿಕೇರಿಗೆ ಮಂಗಳವಾರ ಬನ್ನಿ

ಶನಿವಾರ ಮಡಿಕೇರಿಗೆ ಬಂದವರಿಗೆ ಮೊದಲು ಕಾಣುವುದು ಬೆಟ್ಟವಲ್ಲ, ಮುಂದಿನ ಕಾರಿನ ಹಿಂಭಾಗ. ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಲು ನೂಕುನುಗ್ಗಲು. ಮಂಗಳವಾರ ಅದೇ ಜಾಗದಲ್ಲಿ ಆರಾಮಾಗಿ ಕೂರಬಹುದು.

ವಾರಕ್ಕೆರಡು ದಿನ ರಜೆ ಇರುವುದು ಕಂಪನಿಯವರಿಗೆ. ಹೊಲ, ದನ ಇರುವ ನಮ್ಮಂಥವರಿಗೆ ಅದೇ ಎರಡು ದಿನ ಯಾಕೆ? ಕೊಯ್ಲು ಮುಗಿದ ಮೇಲೆ ಯಾವ ದಿನವಾದರೂ ಆದೀತು. ಮೈಸೂರಿನಿಂದ ಸುಮಾರು 120 ಕಿ.ಮೀ., ಸರ್ಕಾರಿ ಬಸ್ಸಿದೆ.

ಈ ಊರು ವರ್ಷವಿಡೀ ಒಂದೇ ಥರ ಇರುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದರೆ ಕೆಲವೇ ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಘಮ. ಅಕ್ಟೋಬರ್‌ನಲ್ಲಿ ತಲಕಾವೇರಿಯ ತೀರ್ಥೋದ್ಭವ. ವಿಜಯದಶಮಿ ರಾತ್ರಿ ಹತ್ತು ಮಂಟಪಗಳ ಮೆರವಣಿಗೆ. ನವೆಂಬರ್, ಡಿಸೆಂಬರ್ ಹೊತ್ತಿಗೆ ಪುತ್ತರಿ. ಜನವರಿಯಲ್ಲಿ ಕಣದ ತುಂಬ ಕಾಫಿ ಹಣ್ಣು.

ಮಳೆಗಾಲದ ಲೆಕ್ಕವೇ ಬೇರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮನೆ, ತೋಟ, ರಸ್ತೆ ಕೊಚ್ಚಿಹೋದವು, ಜನ ಸತ್ತರು. ಅಬ್ಬಿ ಜಲಪಾತದ ವಿಡಿಯೊ ಎಷ್ಟೇ ಚೆನ್ನಾಗಿರಲಿ, ರೆಡ್ ಅಲರ್ಟ್ ಇದ್ದ ದಿನ ಹೊರಡಬೇಡಿ. ನಿಮ್ಮನ್ನು ಕಾಪಾಡಲು ಇಳಿಯುವವರಿಗೂ ಮನೆಮಂದಿ ಇದ್ದಾರೆ.

ಇದು ನಿಮ್ಮ ಅನುಕೂಲದ ಮಾತಷ್ಟೇ ಅಲ್ಲ. ಎರಡೇ ದಿನ ಜನ ಬಂದರೆ ಹೋಟೆಲ್ ಹುಡುಗನಿಗೆ ಎರಡು ದಿನದ ಕೂಲಿ. ವಾರವಿಡೀ ಬಂದರೆ ತಿಂಗಳ ಸಂಬಳ. ಶನಿವಾರದ ಕಾರಿನ ಸಾಲಿನಲ್ಲಿ ಆಂಬುಲೆನ್ಸ್ ಸಿಕ್ಕಿಕೊಂಡರೆ ಅದರೊಳಗೆ ಮಲಗಿರುವುದು ಇಲ್ಲಿನ ಯಾರದೋ ಅಮ್ಮ.

ಬನ್ನಿ, ಬೇಡ ಅಂದವರಿಲ್ಲ. ಎಲ್ಲರೂ ಒಂದೇ ದಿನ ಮಾತ್ರ ಬೇಡ.